ದ್ರವ್ಯ: ಸ್ಥಿತಿಗಳು ಮತ್ತು ವರ್ಗೀಕರಣ

ತೂಕವಿದ್ದು ಜಾಗ ಹಿಡಿಯುವ ಎಲ್ಲಕ್ಕೂ ದ್ರವ್ಯ ಎಂದು ಹೆಸರು. ಬಂಡೆ, ಬಾವಿಯ ನೀರು, ಉಸಿರಾಡುವ ಗಾಳಿ, ಹಸುವಿನ ಕೊಂಬು, ದೂರದ ನಕ್ಷತ್ರ ಎಲ್ಲವೂ ದ್ರವ್ಯವೇ. ಬೆಳಕು, ಶಾಖ, ಸದ್ದು ದ್ರವ್ಯವಲ್ಲ. ರಸಾಯನ ವಿಜ್ಞಾನ ಈ ಅಪಾರ ರಾಶಿಯನ್ನು ಎರಡು ಪ್ರಶ್ನೆ ಕೇಳಿ ವಿಂಗಡಿಸುತ್ತದೆ. ಈ ವಸ್ತು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಒಂದು. ಇದು ಏತರಿಂದ ಆಗಿದೆ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಉತ್ತರ ಘನ, ದ್ರವ, ಅನಿಲ ಮುಂತಾದ ಸ್ಥಿತಿಗಳು. ಎರಡನೆಯದಕ್ಕೆ ಧಾತು, ಸಂಯುಕ್ತ, ಮಿಶ್ರಣ ಎಂಬ ಬಗೆಗಳು.

ಪಠ್ಯಪುಸ್ತಕಗಳಲ್ಲಿ ಇವೆರಡೂ ಅಕ್ಕಪಕ್ಕದ ಪಾಠಗಳಾಗಿ ಬರುವುದರಿಂದ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಕಲಸಿಹೋಗುತ್ತವೆ. ಅವುಗಳನ್ನು ಬಿಡಿಸಿ ನೋಡುವುದೇ ಈ ವಿಷಯದ ಮುಖ್ಯ ಪಾಠ. ಬಗೆಯನ್ನು ವಸ್ತು ಹೋದಲ್ಲೆಲ್ಲ ತನ್ನೊಡನೆ ಒಯ್ಯುತ್ತದೆ. ಸ್ಥಿತಿಯನ್ನು ಮಾತ್ರ ಅದು ಇರುವ ಜಾಗದ ಬಿಸಿ ಮತ್ತು ಒತ್ತಡ ತೀರ್ಮಾನಿಸುತ್ತವೆ. "ಪಾದರಸ ದ್ರವ ಲೋಹ" ಎನ್ನುವ ಮಾತು ನಮ್ಮ ಊರಿನ ಹವೆಗೆ ನಿಜ. ಸೊನ್ನೆಗಿಂತ 39 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಸೈಬೀರಿಯದ ರಾತ್ರಿಯಲ್ಲಿ ಅದು ಗಟ್ಟಿ ಲೋಹ. ಕನ್ನಡದ ಬಳಕೆ ಮಾತು ಒಂದೇ ವಸ್ತುವಿಗೆ ಮಂಜುಗಡ್ಡೆ, ನೀರು, ಆವಿ ಎಂದು ಮೂರು ಹೆಸರಿಟ್ಟಿದೆ. ತುಪ್ಪ ಗಟ್ಟಿಯಾಗಿರಲಿ ಕರಗಿರಲಿ, ಅದಕ್ಕೆ ಮಾತ್ರ ಒಂದೇ ಹೆಸರು. ರಸಾಯನ ವಿಜ್ಞಾನ ತುಪ್ಪದ ಪದ್ಧತಿಯನ್ನೇ ಎಲ್ಲ ವಸ್ತುಗಳಿಗೂ ಅನ್ವಯಿಸುತ್ತದೆ.

ಹಳೆಯ ವಿಂಗಡಣೆಗಳು

ತುಪ್ಪದ ಉದಾಹರಣೆ ಹೊಸದೇನಲ್ಲ. ಕಣಾದನ ಹೆಸರಿನಲ್ಲಿ ಬಂದಿರುವ ವೈಶೇಷಿಕ ದರ್ಶನ ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು ಎಂದು ಒಂಬತ್ತು ದ್ರವ್ಯಗಳನ್ನು ಎಣಿಸುತ್ತದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ಮೊದಲಿಗೆ ಓದಿಸುವ ಅನ್ನಂಭಟ್ಟನ ತರ್ಕಸಂಗ್ರಹ ದ್ರವತ್ವವನ್ನು ಒಂದು ಗುಣವಾಗಿ ತೆಗೆದುಕೊಂಡು ಅದರಲ್ಲಿ ಎರಡು ಬಗೆ ಹೇಳುತ್ತದೆ. ನೀರಿನದು ಸಹಜ ದ್ರವತ್ವ. ತುಪ್ಪ ಮತ್ತು ಚಿನ್ನದ್ದು ಬೆಂಕಿಯ ಸಂಪರ್ಕ ಎಂಬ ನಿಮಿತ್ತದಿಂದ ಬಂದದ್ದು. ತುಪ್ಪ ಮತ್ತು ಚಿನ್ನದ ನಡುವೆಯೂ ಈ ಪರಂಪರೆಯ ತಾರ್ಕಿಕರಾದ ನೈಯಾಯಿಕರು ಒಂದು ವ್ಯತ್ಯಾಸ ಕಂಡಿದ್ದರು. ತುಪ್ಪವನ್ನು ಕಾಯಿಸುತ್ತಲೇ ಹೋದರೆ ಅದು ಉರಿದು ಇಲ್ಲವಾಗುತ್ತದೆ. ಚಿನ್ನವನ್ನು ಎಷ್ಟು ಕಾಯಿಸಿದರೂ ಅದರ ದ್ರವತ್ವ ನಾಶವಾಗುವುದಿಲ್ಲ. ಅದಕ್ಕಾಗಿ ತುಪ್ಪವನ್ನು ಪೃಥ್ವಿಯ ಸಾಲಿಗೂ ಚಿನ್ನವನ್ನು ತೇಜಸ್ಸಿನ ಸಾಲಿಗೂ ಸೇರಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಗುರುತಿಸಿದ್ದು ಭೌತಿಕ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಗಳ ನಡುವಿನ ಅಂತರವನ್ನು. ಅವರ ತೀರ್ಮಾನ ಉಳಿಯಲಿಲ್ಲ, ಆದರೆ ಒಲೆಯ ಮುಂದೆ ಕೂತು ಅವರು ಗಮನಿಸಿದ್ದು ಸರಿಯಾಗಿತ್ತು. ನೀರಿನ ದ್ರವತ್ವ ಮಾತ್ರ ಸಹಜವೆಂದು ಹಿಡಿದದ್ದರಿಂದ ಆಲಿಕಲ್ಲಿನ ಗಟ್ಟಿತನ ಅವರಿಗೆ ತೊಡಕಾಯಿತು. ಅಲ್ಲಿ ದ್ರವತ್ವಕ್ಕೆ ತಡೆ ಬಿದ್ದಿದೆ ಎಂದು ವಿವರಿಸಬೇಕಾಯಿತು.

ಗ್ರೀಸಿನಲ್ಲಿ ಎಂಪೆಡೊಕ್ಲಿಸ್ ಮತ್ತು ಅರಿಸ್ಟಾಟಲ್ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕನ್ನು ಮೂಲವೆಂದರು. ಇಲ್ಲಿಯೂ ಅಲ್ಲಿಯೂ ಪಟ್ಟಿ ಮಾಡಿದವರು ಸ್ಥಿತಿಯನ್ನೂ ಬಗೆಯನ್ನೂ ಒಟ್ಟಿಗೆ ಹಿಡಿದಿದ್ದರು ಎನ್ನುವುದು ಗಮನಿಸಬೇಕಾದ ಮಾತು: ಮಣ್ಣು ಎಂದರೆ ಘನವೂ ಹೌದು, ಒಂದು ಮೂಲವಸ್ತುವೂ ಹೌದು. 1661ರಲ್ಲಿ ರಾಬರ್ಟ್ ಬಾಯ್ಲ್ ಈ ನಾಲ್ಕರ ಪಟ್ಟಿಯನ್ನು ಬಲವಾಗಿ ಪ್ರಶ್ನಿಸಿದ. ಫ್ರಾನ್ಸಿನ ಆಂಟ್ವಾನ್ ಲವಾಸಿಯೆ 1789ರಲ್ಲಿ ಪ್ರಕಟಿಸಿದ ರಸಾಯನಶಾಸ್ತ್ರದ ಪುಸ್ತಕದಲ್ಲಿ, ಇನ್ನು ಒಡೆಯಲಾಗದ ವಸ್ತುವೇ ಧಾತು ಎಂಬ ಪ್ರಯೋಗದ ಅಳತೆಗೋಲು ಹಿಡಿದು 33 ಹೆಸರುಗಳನ್ನು ಪಟ್ಟಿ ಮಾಡಿದ. ಆಕ್ಸಿಜನ್, ಹೈಡ್ರೋಜನ್, ಗಂಧಕ, ಚಿನ್ನಗಳ ಜೊತೆಗೆ ಬೆಳಕು, ಶಾಖ, ಸುಣ್ಣ ಕೂಡ ಅದರಲ್ಲಿದ್ದವು. ಸುಣ್ಣವನ್ನು ಒಡೆಯುವ ಉಪಾಯ ಆಗ ತಿಳಿದಿರಲಿಲ್ಲ. ಅಳತೆಗೋಲು ಸರಿಯಾಗಿದ್ದುದರಿಂದ ಪಟ್ಟಿ ತಾನಾಗಿ ತಿದ್ದಿಕೊಳ್ಳುತ್ತ ಬಂತು. ಈಗ ಅದರಲ್ಲಿ 118 ಧಾತುಗಳಿವೆ.

ಮೂರು ಸ್ಥಿತಿಗಳು

ಎಲ್ಲ ದ್ರವ್ಯವೂ ಕಣಗಳಿಂದ ಆಗಿದೆ, ಆ ಕಣಗಳು ಎಂದೂ ಸುಮ್ಮನಿರುವುದಿಲ್ಲ. 1827ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಪರಾಗದಿಂದ ಹೊರಬಿದ್ದ ಪುಡಿ ನೀರಿನಲ್ಲಿ ಎಡೆಬಿಡದೆ ತತ್ತರಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1905ರಲ್ಲಿ ಐನ್‌ಸ್ಟೈನ್ ಅದು ನೀರಿನ ಅಣುಗಳ ಗುದ್ದಾಟದ ಫಲ ಎಂದು ಲೆಕ್ಕ ಕೊಟ್ಟರು. ಜ್ಯಾಂ ಪೆರಾಂ ಆ ಲೆಕ್ಕವನ್ನು ಪ್ರಯೋಗದಿಂದ ದೃಢಪಡಿಸಿ 1926ರ ನೊಬೆಲ್ ಪಡೆದರು. ಪರಮಾಣು ಇರುವುದು ನಿಜವೇ ಎಂಬ ಸಂಶಯ ಅಲ್ಲಿಗೆ ಮುಗಿಯಿತು.

ಕಣಗಳು ಒಂದನ್ನೊಂದು ಎಳೆಯುತ್ತವೆ. ಬಿಸಿ ಅವುಗಳನ್ನು ಚದುರಿಸುತ್ತದೆ. ಈ ಎಳೆದಾಟದಲ್ಲಿ ಯಾವುದು ಮೇಲುಗೈ ಎಂಬುದರ ಮೇಲೆ ಸ್ಥಿತಿ ನಿಂತಿದೆ. ಘನದಲ್ಲಿ ಕಣಗಳಿಗೆ ಒಂದೊಂದು ಗೊತ್ತಾದ ಜಾಗ. ಅಲ್ಲೇ ನಿಂತು ನಡುಗುತ್ತವೆ, ಬಿಟ್ಟು ಹೋಗುವುದಿಲ್ಲ. ಅದಕ್ಕೇ ಘನಕ್ಕೆ ಸ್ವಂತ ಆಕಾರ. ದ್ರವದಲ್ಲಿ ಕಣಗಳು ಒತ್ತಾಗಿಯೇ ಇದ್ದರೂ ಒಂದನ್ನೊಂದು ದಾಟಿ ಸರಿಯಬಲ್ಲವು. ಗಾತ್ರ ಬದಲಾಗದು, ಆಕಾರ ಮಾತ್ರ ಪಾತ್ರೆಯದು. ಅನಿಲದಲ್ಲಿ ಕಣಗಳು ದೂರ ದೂರ, ಪಾತ್ರೆ ಎಷ್ಟಿದ್ದರೆ ಅಷ್ಟಕ್ಕೂ ಹರಡುತ್ತವೆ.

ದೂರ ಎಂದರೆ ಎಷ್ಟು ದೂರ? 18 ಗ್ರಾಂ ನೀರು ಒಂದು ದೊಡ್ಡ ಚಮಚದಷ್ಟು. ಅದರಲ್ಲಿ ಸುಮಾರು 6,022ರ ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು ಅಣುಗಳಿವೆ. ಅದೇ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 30 ಲೀಟರು, ಎಂದರೆ ಎರಡು ದೊಡ್ಡ ಬಕೆಟ್ಟುಗಳಷ್ಟು ಜಾಗ ಬೇಡುತ್ತದೆ. ಅಣುವಿನ ಸಂಖ್ಯೆ ಒಂದೂ ಹೆಚ್ಚಿಲ್ಲ, ಒಂದೊಂದು ಅಣುವೂ ಉಬ್ಬಿಲ್ಲ. ಹೆಚ್ಚಿದ್ದು ನಡುವಿನ ಖಾಲಿ. ಈ ಖಾಲಿಯಲ್ಲಿ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತವೆ. ಅಷ್ಟು ವೇಗವಿದ್ದೂ ಅಡುಗೆಮನೆಯ ಇಂಗಿನ ಒಗ್ಗರಣೆಯ ಘಮ ಜಗಲಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ; ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುವಿಗೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತಲೇ ಇರುತ್ತದೆ.

ಸಾಮಾನ್ಯವಾಗಿ ಘನವಾದಾಗ ವಸ್ತು ಕುಗ್ಗುತ್ತದೆ. ನೀರು ಹಿಗ್ಗುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಟೊಳ್ಳು ಬಿಟ್ಟುಕೊಂಡು ಜೋಡಣೆಯಾಗುವುದರಿಂದ ಅದರ ಸಾಂದ್ರತೆ ನೀರಿನದಕ್ಕಿಂತ ಶೇ. 8ರಷ್ಟು ಕಡಿಮೆ, ಹಾಗಾಗಿ ತೇಲುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಶೀತದೇಶದ ಸರೋವರ ಮೇಲಿನಿಂದ ಹೆಪ್ಪುಗಟ್ಟುವುದೂ ಅಡಿಯಲ್ಲಿ ಮೀನು ಚಳಿಗಾಲ ಕಳೆಯುವುದೂ ಈ ಒಂದು ವಿಚಿತ್ರದಿಂದ.

ಸ್ಥಿತಿ ಬದಲಾಗುವಾಗ

ಪಾತ್ರೆಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ಹಾಕಿ, ತಾಪಮಾಪಕ ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಉರಿ ನಿಂತಿಲ್ಲ, ಪಾದರಸ ನಿಂತಿದೆ. ಕಲಕುತ್ತಿದ್ದರೆ ಕೊನೆಯ ಚೂರು ಕರಗುವವರೆಗೆ ಅದು ಸೊನ್ನೆಯನ್ನು ಬಿಟ್ಟು ಏಳುವುದೇ ಇಲ್ಲ. ಒಳಗೆ ಹೋದ ಶಾಖವೆಲ್ಲ ಅಣುಗಳ ಕಟ್ಟು ಬಿಡಿಸಲು ಖರ್ಚಾಗುತ್ತಿದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇದನ್ನು ಅಳೆದು ಗುಪ್ತೋಷ್ಣ ಎಂಬ ಕಲ್ಪನೆ ಕೊಟ್ಟ. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಬೇಕು. ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2,260 ಜೂಲ್. ಕುದಿನೀರು ಬಿದ್ದ ಗಾಯಕ್ಕಿಂತ ಆವಿ ತಾಗಿದ ಗಾಯ ಕೆಟ್ಟದ್ದಾಗಲು ಕಾರಣ ಇದೇ ಅಂಕಿ: ಚರ್ಮದ ಮೇಲೆ ಮತ್ತೆ ನೀರಾಗುವಾಗ ಆವಿ ಆ 2,260 ಜೂಲನ್ನು ಅಲ್ಲೇ ಬಿಟ್ಟುಕೊಡುತ್ತದೆ. ಮಣ್ಣಿನ ಹೂಜಿ ನೀರನ್ನು ತಂಪಿಡುವುದೂ ಇದೇ ಅಂಕಿಯಿಂದ, ಈ ಸಲ ತಿರುವುಮುರುವಾಗಿ. ಹೊರಮೈಯಲ್ಲಿ ಒಸರಿದ ನೀರು ಆರುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಸಿಯುತ್ತದೆ.

ಆವಿಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮೇಲೇಳುವ ಬಿಳಿಯ ಹಬೆ ಅನಿಲವಲ್ಲ. ಆವಿ ತಣ್ಣಗಾಗಿ ಆದ ಸಣ್ಣ ಸಣ್ಣ ನೀರಹನಿ. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ಕೆಟಲಿನ ಮೂತಿಯನ್ನು ಹತ್ತಿರದಿಂದ ನೋಡಿದರೆ ಮೂತಿಗೂ ಬಿಳಿ ಹಬೆಗೂ ನಡುವೆ ಏನೂ ಇಲ್ಲದಂತೆ ಕಾಣುವ ಒಂದು ಬೆರಳಗಲ ಜಾಗ ಇರುತ್ತದೆ. ನಿಜವಾದ ಆವಿ ಇರುವುದು ಅಲ್ಲಿ.

ದ್ರವದ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕ್ಷಣ ಕುದಿತ ಶುರು. ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಕುದಿಯುವ ಬಿಂದುವೂ ಕೆಳಗೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಪ್ರೆಷರ್ ಕುಕ್ಕರು ಇದನ್ನು ಉಲ್ಟಾ ಮಾಡುತ್ತದೆ: ಒಳಗಿನ ಒತ್ತಡ ಇಮ್ಮಡಿಯಾಗಿ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಬೇಳೆ ಬೇಗ ಬೇಯುತ್ತದೆ.

ಕೆಲವು ಘನಗಳು ದ್ರವವಾಗದೆ ನೇರ ಅನಿಲವಾಗುತ್ತವೆ. ಇದು ಉತ್ಪತನ. ದೇವರ ಗೂಡಿನಲ್ಲಿ ಬಿಚ್ಚಿಟ್ಟ ಕರ್ಪೂರ, ಬೀರುವಿನ ಬಟ್ಟೆಯ ನಡುವಿನ ನುಸಿಗುಳಿಗೆ ಗುರುತಿಲ್ಲದೆ ಸವೆಯುವುದು ಹೀಗೆ. ಗಟ್ಟಿ ಇಂಗಾಲದ ಡೈಆಕ್ಸೈಡಿಗೆ ಡ್ರೈ ಐಸ್ ಎಂಬ ಹೆಸರು ಬಂದದ್ದು ಅದು ಒದ್ದೆ ಮಾಡದೆ ಸೊನ್ನೆಗಿಂತ 78.5 ಡಿಗ್ರಿ ಕೆಳಗೇ ಅನಿಲವಾಗುವುದರಿಂದ. ವಾಯುಮಂಡಲದ ಐದು ಪಟ್ಟಿಗೂ ಹೆಚ್ಚಿನ ಒತ್ತಡ ಕೊಟ್ಟರೆ ಮಾತ್ರ ಅದು ದ್ರವವಾಗಲು ಒಪ್ಪುತ್ತದೆ.

ಒತ್ತಿದರೆ ದ್ರವವಾಗುವ ಅನಿಲ, ಆಗದ ಅನಿಲ

ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಅಲುಗಿಸಿದರೆ ಒಳಗೆ ಏನೋ ಕುಲುಕುತ್ತದೆ. ಗ್ಯಾಸು ಎಂದು ಕರೆದರೂ ಅದರಲ್ಲಿರುವುದು ಬಹುಪಾಲು ದ್ರವ: ಒತ್ತಡದಲ್ಲಿಟ್ಟ ಪ್ರೊಪೇನ್ ಮತ್ತು ಬ್ಯೂಟೇನ್. ಆಟೋರಿಕ್ಷಾಗಳ ಸಿಎನ್‌ಜಿ ತೊಟ್ಟಿಯಲ್ಲಿರುವ ಮೀಥೇನ್ ಹಾಗಲ್ಲ. ಅದನ್ನು ವಾಯುಮಂಡಲದ ಸುಮಾರು 200 ಪಟ್ಟು ಒತ್ತಿ ತುಂಬಿದರೂ ಅನಿಲವಾಗಿಯೇ ಉಳಿಯುತ್ತದೆ. ಏಕೆ?

ಉತ್ತರ ಕೊಟ್ಟದ್ದು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್, 1869ರಲ್ಲಿ. ಪ್ರತಿಯೊಂದು ಅನಿಲಕ್ಕೂ ಒಂದು ಗಡಿ ಉಷ್ಣತೆ ಇದೆ. ಅದರ ಮೇಲಿದ್ದಾಗ ಎಷ್ಟೇ ಹಿಸುಕಿದರೂ ದ್ರವವಾಗುವುದಿಲ್ಲ. ಕ್ರಿಟಿಕಲ್ ತಾಪ ಎಂದು ಹೇಳುವ ಈ ಗಡಿ ಪ್ರೊಪೇನಿಗೆ 97 ಡಿಗ್ರಿ, ಬ್ಯೂಟೇನಿಗೆ 152. ನಮ್ಮ ಅಡುಗೆಮನೆ ಅದಕ್ಕಿಂತ ಎಷ್ಟೋ ತಂಪು, ಆದ್ದರಿಂದ ಸಾಧಾರಣ ಒತ್ತಡವೇ ಸಾಕು. ಮೀಥೇನಿನ ಗಡಿ ಸೊನ್ನೆಗಿಂತ 83 ಡಿಗ್ರಿ ಕೆಳಗೆ, ಆಕ್ಸಿಜನ್ನಿನದು 119 ಡಿಗ್ರಿ ಕೆಳಗೆ. ಆಸ್ಪತ್ರೆಯ ವಾರ್ಡಿನಲ್ಲಿ ಉರುಳಿಸಿಕೊಂಡು ಬರುವ ಉಕ್ಕಿನ ಸಿಲಿಂಡರಿನಲ್ಲಿ ಒತ್ತಿದ ಅನಿಲವೂ, ಹೊರಗಿನ ದೊಡ್ಡ ಬಿಳಿ ತೊಟ್ಟಿಯಲ್ಲಿ 183 ಡಿಗ್ರಿ ಕೆಳಗೆ ತಣಿಸಿದ ದ್ರವವೂ ಇರುವುದು ಇದರಿಂದಲೇ. 2021ರ ಕೋವಿಡ್ ಅಲೆಯಲ್ಲಿ ದೇಶ ಪರದಾಡಿದ್ದು ಆಕ್ಸಿಜನ್ನಿಗಾಗಿ ಎಷ್ಟೋ, ಅದನ್ನು ಅಷ್ಟು ತಂಪಿನಲ್ಲಿ ಸಾಗಿಸುವ ಟ್ಯಾಂಕರುಗಳಿಗಾಗಿಯೂ ಅಷ್ಟೇ. ಕೊನೆಯವರೆಗೂ ಮಣಿಯದಿದ್ದ ಹೀಲಿಯಂ ಅನ್ನು 1908ರ ಜುಲೈ 10ರಂದು ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ದ್ರವವಾಗಿಸಿದರು, ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಕ್ರಿಟಿಕಲ್ ಗಡಿಯನ್ನು ಉಷ್ಣತೆಯಲ್ಲೂ ಒತ್ತಡದಲ್ಲೂ ದಾಟಿದ ವಸ್ತು ದ್ರವವೂ ಅಲ್ಲದ ಅನಿಲವೂ ಅಲ್ಲದ ರೂಪ ತಾಳುತ್ತದೆ. ಅಂಥ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಕಾಫಿ ಬೀಜದಿಂದ ಕೆಫೀನ್ ತೆಗೆಯುತ್ತಾರೆ.

ಲೋಹವನ್ನು ಅನಿಲವಾಗಿ ಹಿಡಿದ ಕಥೆ ಇದಕ್ಕಿಂತ ಹಳೆಯದು, ಅದು ನಡೆದದ್ದು ನಮ್ಮ ದೇಶದಲ್ಲೇ. ಸತುವಿನ ಅದಿರನ್ನು ಹುರಿದು ಇದ್ದಿಲಿನೊಂದಿಗೆ ಕಾಯಿಸಿದರೆ ಸುಮಾರು 1,000 ಡಿಗ್ರಿಯಲ್ಲಿ ಲೋಹ ಬಿಡುಗಡೆಯಾಗುತ್ತದೆ. ಸತು ಕುದಿಯುವುದೋ 907 ಡಿಗ್ರಿಗೆ. ಎಂದರೆ ಸತು ಹುಟ್ಟುವಾಗಲೇ ಆವಿ. ಗಾಳಿ ತಾಗಿದರೆ ಮತ್ತೆ ಉರಿದು ಬಿಳಿ ಬೂದಿ. ಕಬ್ಬಿಣ, ತಾಮ್ರ ಕಲಿತ ಕುಲುಮೆಗಳಿಗೆ ಸತು ದಕ್ಕದೆ ಹೋದದ್ದು ಇದರಿಂದ. ರಾಜಸ್ಥಾನದ ಉದಯಪುರದ ಹತ್ತಿರದ ಜಾವರಿನ ಕೆಲಸಗಾರರು ಮಧ್ಯಯುಗದಲ್ಲಿ ಬದನೆಕಾಯಿ ಆಕಾರದ ಮಣ್ಣಿನ ಮೂಸೆಯನ್ನು ಬಾಯಿ ಕೆಳಗಾಗಿ ನಿಲ್ಲಿಸಿದರು. ಮೇಲುಭಾಗ ಬೆಂಕಿಯಲ್ಲಿ, ಕೊಳವೆಯಂಥ ಬಾಯಿ ಕೆಳಗಿನ ತಣ್ಣನೆಯ ಕೋಣೆಯಲ್ಲಿ. ಆವಿ ಕೆಳಕ್ಕಿಳಿದು, ಗಾಳಿ ಸೋಕುವ ಮೊದಲೇ ತಣಿದು, ದ್ರವ ಲೋಹವಾಗಿ ತೊಟ್ಟಿಕ್ಕಿತು. ರಸರತ್ನಸಮುಚ್ಚಯ ಎಂಬ ಸಂಸ್ಕೃತ ಗ್ರಂಥ ಈ ಬದನೆಕಾಯಿ ಮೂಸೆಯನ್ನು ವರ್ಣಿಸುತ್ತದೆ. ಜಾವರಿನ ಬೆಟ್ಟದಲ್ಲಿ ಬಳಸಿ ಬಿಸಾಡಿದ ಮೂಸೆಗಳ ರಾಶಿಗಳು ಈಗಲೂ ಇವೆ. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಹೀಗೆಯೇ ಆವಿಯನ್ನು ಕೆಳಕ್ಕಿಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಮೂರರ ಆಚೆ

ಅನಿಲವನ್ನು ಇನ್ನೂ ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ವಿದ್ಯುತ್ ಹರಿಸುವ, ಕಾಂತಕ್ಕೆ ಓಗೊಡುವ ಈ ಸ್ಥಿತಿಗೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟರು. ಸಿಡಿಲಿನ ಗೆರೆ, ಉರಿಯುವ ಟ್ಯೂಬ್‌ಲೈಟಿನ ಒಳಗು, ಸೂರ್ಯ ಎಲ್ಲ ಪ್ಲಾಸ್ಮಾ. ಭೂಮಿಯ ಮೇಲೆ ಅಪರೂಪವಾದ ಇದು ವಿಶ್ವದಲ್ಲಿ ಕಾಣುವ ದ್ರವ್ಯದ ಬಹುಪಾಲು. ಯಾವ ಉಷ್ಣತೆಯಲ್ಲಿ, ಯಾವ ಒತ್ತಡದಲ್ಲಿ ಎಷ್ಟು ಪರಮಾಣುಗಳು ಹೀಗೆ ಒಡೆದಿರುತ್ತವೆ ಎಂಬ ಸಮೀಕರಣ ಕೊಟ್ಟವರು ಮೇಘನಾದ ಸಹಾ, 1920ರಲ್ಲಿ. ನಕ್ಷತ್ರದ ಬೆಳಕಿನಿಂದ ಅದರ ಬಿಸಿಯನ್ನು ಓದಲು ದಾರಿ ಆದದ್ದು ಅದರಿಂದ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯಲ್ಲಿ ಸೂರ್ಯನ ಹೊರ ಪ್ಲಾಸ್ಮಾವನ್ನು ನೋಡುವ ಮುಖ್ಯ ಉಪಕರಣ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು.

ಇನ್ನೊಂದು ತುದಿಯಲ್ಲಿ ಅತಿಶೀತ. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಕಳಿಸಿದ ಲೇಖನದಿಂದ ಹುಟ್ಟಿದ ಲೆಕ್ಕ, ಪರಮಾಣುಗಳನ್ನು ಸಾಕಷ್ಟು ತಣಿಸಿದರೆ ಅವು ಬೇರೆತನ ಕಳೆದುಕೊಂಡು ಒಂದೇ ಅಲೆಯಂತೆ ವರ್ತಿಸಬೇಕು ಎಂದಿತು. ಅದನ್ನು ಕಣ್ಣಾರೆ ಕಾಣಲು 71 ವರ್ಷ ಬೇಕಾಯಿತು: 1995ರಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ರುಬಿಡಿಯಂ ಪರಮಾಣುಗಳಲ್ಲಿ ಬೋಸ್-ಐನ್‌ಸ್ಟೈನ್ ಸಾಂದ್ರಿತವನ್ನು ಪಡೆದರು.

ಘನಕ್ಕೂ ದ್ರವಕ್ಕೂ ನಡುವೆಯೂ ಜಾಗವಿದೆ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಸರ್ ಕ್ಯಾರೆಟ್ಟಿನ ಕೊಲೆಸ್ಟರಾಲ್‌ನಿಂದ ಪಡೆದ ಒಂದು ವಸ್ತು ಎರಡು ಸಲ ಕರಗುವುದನ್ನು ಕಂಡ. 145.5 ಡಿಗ್ರಿಯಲ್ಲಿ ಮಬ್ಬು ದ್ರವ, 178.5ರಲ್ಲಿ ತಿಳಿ ದ್ರವ. ನಡುವಿನ ಮಬ್ಬು ಸ್ಥಿತಿ ಹರಿಯುತ್ತದೆ, ಆದರೂ ಅಣುಗಳು ಒಂದು ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ. ಇದೇ ದ್ರವ ಸ್ಫಟಿಕ, ಎಲ್‌ಸಿಡಿ ಪರದೆಗಳ ಜೀವಾಳ. ದಶಕಗಳ ಕಾಲ ಕಡ್ಡಿಯಾಕಾರದ ಅಣುಗಳಷ್ಟೇ ಹೀಗೆ ಮಾಡಬಲ್ಲವು ಎಂದು ನಂಬಿದ್ದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ಮಾಡಬಲ್ಲವೆಂದು ತೋರಿಸಿದರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಣುಗಳು ಕಂಬ ಕಟ್ಟುತ್ತವೆ. ಕಂಬಗಳು ಕ್ರಮವಾಗಿ ನಿಲ್ಲುತ್ತವೆ, ಕಂಬದೊಳಗೆ ದ್ರವದ ಸಡಿಲ. ದ್ರವ್ಯದ ಸ್ಥಿತಿಗಳ ಪಟ್ಟಿಗೆ ಒಂದು ಹೊಸ ಬಗೆಯನ್ನೇ ಸೇರಿಸಿದ ಈ ಕೆಲಸ ಪ್ರಕಟವಾದದ್ದು ಭಾರತದ್ದೇ ಪತ್ರಿಕೆ 'ಪ್ರಮಾಣ'ದಲ್ಲಿ. ಇಂಥ ಅಣುಗಳ ತೆಳುಪೊರೆಯನ್ನು ಮುಂದೆ ಪರದೆಗಳಲ್ಲಿ ಬಳಸಿದ್ದರಿಂದ ಓರೆಯಿಂದ ನೋಡಿದರೂ ಚಿತ್ರ ಮಾಸದಂತಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದ ಈ ಚಂದ್ರಶೇಖರರನ್ನು ಅದೇ ಹೆಸರಿನ ನೊಬೆಲ್ ಖಗೋಳವಿಜ್ಞಾನಿಯೊಂದಿಗೆ ಬೆರೆಸುವವರು ಬಹಳ. ಕನ್ನಡನಾಡಿನಲ್ಲಿ ಅವರ ಹೆಸರು ಇನ್ನೂ ಹೆಚ್ಚು ಕೇಳಬೇಕಿತ್ತು.

ಗಾಜು ದ್ರವ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಗಾಜಿನಲ್ಲಿ ಕಣಗಳ ಜೋಡಣೆ ದ್ರವದಂತೆ ಅಡ್ಡಾದಿಡ್ಡಿ, ಆದರೆ ಅವು ಜಾಗ ಬಿಟ್ಟು ಸರಿಯುವುದಿಲ್ಲ. ಅದು ಸ್ಫಟಿಕವಲ್ಲದ ಘನ.

ಏತರಿಂದ ಆಗಿದೆ?

ಎರಡನೆಯ ಪ್ರಶ್ನೆಯ ಮೊದಲ ಕವಲು ಶುದ್ಧ ವಸ್ತು ಮತ್ತು ಮಿಶ್ರಣ. ಇಲ್ಲಿ ಶುದ್ಧ ಎಂಬುದಕ್ಕೆ ಕಲಬೆರಕೆ ಇಲ್ಲದ್ದು, ಮಡಿಯಾದದ್ದು ಎಂಬ ಅರ್ಥ ಇಲ್ಲ. ಎಲ್ಲಿಂದ ಚಿಟಿಕೆ ತೆಗೆದರೂ ಒಂದೇ ಬಗೆಯ ಕಣಗಳು ಸಿಗುವ ವಸ್ತು ಶುದ್ಧ. ರಸಾಯನಜ್ಞರ ಲೆಕ್ಕದಲ್ಲಿ ಅಪ್ಪಟ ಹಸುವಿನ ಹಾಲು ಶುದ್ಧ ವಸ್ತುವಲ್ಲ, ಕಾರ್ಖಾನೆಯ ಸಕ್ಕರೆ ಹೆಚ್ಚುಕಡಿಮೆ ಶುದ್ಧ. ಪರೀಕ್ಷೆ ಸುಲಭ: ಶುದ್ಧ ವಸ್ತು ಒಂದೇ ನಿಶ್ಚಿತ ಉಷ್ಣತೆಯಲ್ಲಿ ಕರಗುತ್ತದೆ, ಮಿಶ್ರಣ ನಿಧಾನವಾಗಿ ಮೆತ್ತಗಾಗುತ್ತ ಹೋಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಿಸಿಲಿಗೆ ಇಟ್ಟಾಗ ಅಂಚಿನಿಂದ ಲೋಳೆಯಾಗಿ, ಆಮೇಲೆ ಮಬ್ಬಾಗಿ, ಕಡೆಗೆ 25 ಡಿಗ್ರಿಯ ಆಸುಪಾಸಿನಲ್ಲಿ ತಿಳಿಯಾಗುವುದು ಹಲವು ಬಗೆಯ ಕೊಬ್ಬು ಅದರಲ್ಲಿ ಸೇರಿರುವುದಕ್ಕೆ ಸಾಕ್ಷಿ.

ಶುದ್ಧ ವಸ್ತುವಿನಲ್ಲಿ ಒಂದೇ ಬಗೆಯ ಪರಮಾಣು ಇದ್ದರೆ ಅದು ಧಾತು. ಮೂಲವಸ್ತು ಎಂದೂ ಹೇಳುವುದುಂಟು. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಧಾತುಗಳು ಪಾದರಸ, ಬ್ರೋಮಿನ್ ಎರಡೇ. 29.8 ಡಿಗ್ರಿಗೆ ಕರಗುವ ಗ್ಯಾಲಿಯಂ ರಾಯಚೂರಿನ ಬೇಸಗೆಯಲ್ಲಿ ಮೇಜಿನ ಮೇಲೆ ದ್ರವ, ಮಡಿಕೇರಿಯ ಮಳೆಗಾಲದಲ್ಲಿ ಘನ. ಅದನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬುದು ಊರಿನ ಪ್ರಶ್ನೆ. ಒಂದೇ ಧಾತು ಜೋಡಣೆ ಬದಲಿಸಿ ಬೇರೆ ಬೇರೆ ಮುಖ ತೋರುವುದೂ ಉಂಟು. ಇಂಗಾಲ ಒಂದು ಜೋಡಣೆಯಲ್ಲಿ ವಜ್ರ, ಇನ್ನೊಂದರಲ್ಲಿ ಪೆನ್ಸಿಲ್ಲಿನ ಗ್ರಾಫೈಟ್.

ಎರಡು ಅಥವಾ ಹೆಚ್ಚು ಧಾತುಗಳು ನಿಶ್ಚಿತ ಪ್ರಮಾಣದಲ್ಲಿ ಕೂಡಿದರೆ ಸಂಯುಕ್ತ. ಇಂಗಳೀಕ ಇದಕ್ಕೆ ಒಳ್ಳೆಯ ಮಾದರಿ. ಹೊಳೆಯುವ ಪಾದರಸವನ್ನೂ ಹಳದಿ ಗಂಧಕವನ್ನೂ ಕಲ್ವದಲ್ಲಿ ಅರೆಯುತ್ತ ಹೋದರೆ ಕಪ್ಪು ಪುಡಿ ಆಗುತ್ತದೆ, ವೈದ್ಯರು ಕಜ್ಜಲಿ ಎನ್ನುವುದು ಇದನ್ನೇ. ಅದನ್ನು ಕಾಯಿಸಿದಾಗ ಮೇಲೇರಿ ಪಾತ್ರೆಯ ಕುತ್ತಿಗೆಯಲ್ಲಿ ಕೆಂಪಗೆ ಹರಳುಗಟ್ಟುತ್ತದೆ. ಹರಿದಾಡುವ ಲೋಹವೂ ಇಲ್ಲ, ಹಳದಿಯೂ ಇಲ್ಲ. ಆ ಕೆಂಪು ಸ್ಪೇನಿನ ಅಲ್ಮಾಡೆನ್ ಗಣಿಯದಾಗಲಿ ವೈದ್ಯರ ಕುಪ್ಪಿಯದಾಗಲಿ, 100 ಗ್ರಾಮಿನಲ್ಲಿ 86 ಗ್ರಾಂ ಪಾದರಸ, 14 ಗ್ರಾಂ ಗಂಧಕ. ಈ ನಿಯಮವನ್ನು ಸ್ಥಾಪಿಸಿದವನು ಜೋಸೆಫ್ ಪ್ರೂಸ್ಟ್. ಹದಿನೆಂಟನೆಯ ಶತಮಾನದ ಕೊನೆಯಿಂದ ಅವನಿಗೂ ಇನ್ನೊಬ್ಬ ರಸಾಯನಜ್ಞ ಬರ್ತೊಲೆಗೂ ವರ್ಷಗಟ್ಟಲೆ ವಾದ ನಡೆಯಿತು. ಪ್ರಮಾಣ ಬದಲಾಗಬಹುದು ಎಂಬುದು ಬರ್ತೊಲೆಯ ಪಕ್ಷ. ಗೆದ್ದವನು ಪ್ರೂಸ್ಟ್, 1808ರ ಹೊತ್ತಿಗೆ ಡಾಲ್ಟನ್ನನ ಪರಮಾಣುವಾದ ಅದಕ್ಕೆ ಕಾರಣವನ್ನೂ ಕೊಟ್ಟಿತು. ಆದರೆ ಬರ್ತೊಲೆ ಪೂರ್ತಿ ತಪ್ಪಿರಲಿಲ್ಲ. ಕಬ್ಬಿಣದ ಒಂದು ಆಕ್ಸೈಡಿನಲ್ಲಿ ಆಕ್ಸಿಜನ್ನಿನ 100 ಪರಮಾಣುಗಳಿಗೆ ಕಬ್ಬಿಣದವು ಸುಮಾರು 95 ಮಾತ್ರ, ಅದೂ ಮಾದರಿಯಿಂದ ಮಾದರಿಗೆ ಬದಲು. ಇಂಥ ಸಂಯುಕ್ತಗಳಿಗೆ ಸೋತ ಪಕ್ಷದ ಗೌರವಾರ್ಥ ಬರ್ತೊಲೈಡ್ ಎಂಬ ಹೆಸರಿದೆ.

ಮಿಶ್ರಣಗಳು

ಮಿಶ್ರಣಕ್ಕೆ ಪ್ರಮಾಣದ ಕಟ್ಟುಪಾಡಿಲ್ಲ, ಸೇರಿದವು ತಮ್ಮ ಗುಣ ಬಿಡುವುದಿಲ್ಲ, ಭೌತಿಕ ಉಪಾಯದಿಂದ ಬೇರ್ಪಡಿಸಬಹುದು. ಎಲ್ಲೆಡೆ ಒಂದೇ ಹದವಾಗಿ ಬೆರೆತಿದ್ದರೆ ಸಮಜಾತೀಯ, ಇಲ್ಲದಿದ್ದರೆ ವಿಜಾತೀಯ. ಸಮಜಾತೀಯ ಮಿಶ್ರಣವೇ ದ್ರಾವಣ. ಅದು ದ್ರವವೇ ಆಗಬೇಕೆಂದಿಲ್ಲ: ಗಾಳಿ ಅನಿಲಗಳ ದ್ರಾವಣ, ಒಡವೆಯ ಚಿನ್ನ ಘನ ದ್ರಾವಣ. ಅಂಗಡಿಯ 916 ಮುದ್ರೆಯ ಅರ್ಥ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ; 24ರಲ್ಲಿ 22 ಪಾಲು ಎಂಬ ಕ್ಯಾರೆಟ್ ಲೆಕ್ಕವೇ ಇದು. ಬೀದರಿನ ಬಿದ್ರಿ ಪಾತ್ರೆ ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹ. ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರಿನಲ್ಲಿ ಉಜ್ಜಿದಾಗ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ದ್ರಾವಣಕ್ಕೂ, ಕೆಳಗೆ ತಂಗುವ ಕೆಸರುನೀರಿನಂಥ ನಿಲಂಬನಕ್ಕೂ ನಡುವೆ ಕಲಿಲ. 1861ರಲ್ಲಿ ಥಾಮಸ್ ಗ್ರಹಾಂ ಇದನ್ನು ಬೇರೆ ಬಗೆಯಾಗಿ ಗುರುತಿಸಿದ. ಕಣಗಳು ಅಣುವಿಗಿಂತ ದೊಡ್ಡವು, ತಂಗಲು ಬೇಕಾದಷ್ಟು ದೊಡ್ಡವಲ್ಲ. ಬೆಳಕಿನ ಕೋಲು ಹಾಯಿಸಿದರೆ ಅದರ ದಾರಿ ಕಾಣುತ್ತದೆ. ನಮ್ಮ ಮನೆಗಳ ಅತ್ಯಂತ ಪರಿಚಿತ ಕಲಿಲ ಹಾಲು. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಅದರಲ್ಲಿ ತೆಳು ಪೊರೆ ಹೊದ್ದ ಕೊಬ್ಬಿನ ಗುಂಡುಗಳು ತೇಲುತ್ತಿರುತ್ತವೆ. ಮೊಸರನ್ನು ಕಡೆಗೋಲಿನಿಂದ ಕಡೆದಾಗ ಆ ಪೊರೆ ಹರಿದು ಕೊಬ್ಬು ಕೂಡಿಕೊಳ್ಳುತ್ತದೆ, ಮೇಲೆ ಬೆಣ್ಣೆ ಬರುತ್ತದೆ. ಈಗ ವ್ಯವಸ್ಥೆ ತಲೆಕೆಳಗು: ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಹನಿ ಇತ್ತು, ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರಿನ ಹನಿ. ಬೆಣ್ಣೆಯನ್ನು ಒಲೆಗಿಟ್ಟಾಗ ಚಟಪಟ ಎನ್ನುವುದು ಆ ನೀರು. ಅದು ಇರುವಷ್ಟು ಹೊತ್ತು ಬಾಣಲೆಯ ಬಿಸಿ 100 ಡಿಗ್ರಿಯ ಹತ್ತಿರವೇ ತಡೆದು ನಿಲ್ಲುತ್ತದೆ, ಗುಪ್ತೋಷ್ಣ ಶಾಖವನ್ನು ನುಂಗುತ್ತಿರುತ್ತದೆ. ಸದ್ದು ನಿಂತಿತೆಂದರೆ ನೀರು ತೀರಿತು; ಇನ್ನು ಬಿಸಿ ಸರ್ರನೆ ಏರುತ್ತದೆ, ಗಸಿ ಕಂದಾಗುತ್ತದೆ. ಆ ಸದ್ದಿಗೆ ಕಿವಿಗೊಟ್ಟು ಇಳಿಸುವ ಅಜ್ಜಿಯರು ತಾಪಮಾಪಕವಿಲ್ಲದೆ ಒಂದು ಘಟಕ ಪೂರ್ತಿ ಆವಿಯಾದ ಕ್ಷಣವನ್ನು ಗುರುತಿಸುತ್ತಾರೆ. ಆರಿದ ತುಪ್ಪದಲ್ಲಿ ಬೇಗ ಹೆಪ್ಪುಗಟ್ಟುವ ಕೊಬ್ಬುಗಳು ಹರಳಾಗಿ, ಉಳಿದವು ಅವುಗಳ ನಡುವೆ ಎಣ್ಣೆಯಾಗಿ ನಿಲ್ಲುತ್ತವೆ. ಮರಳು ಮರಳಾದ ಒಳ್ಳೆಯ ತುಪ್ಪ ಒಂದೇ ಹೊತ್ತಿಗೆ ಘನವೂ ದ್ರವವೂ ಹೌದು.

ಮಿಶ್ರಣವನ್ನು ಬಿಡಿಸುವುದೆಂದರೆ ಘಟಕಗಳ ನಡುವಿನ ಒಂದು ವ್ಯತ್ಯಾಸವನ್ನು ಹುಡುಕಿ ಹಿಡಿಯುವುದು: ಗಾತ್ರ ಬೇರೆಯಾದರೆ ಜರಡಿ, ತೂಕ ಬೇರೆಯಾದರೆ ಮೊರ, ಕುದಿಯುವ ಬಿಂದು ಬೇರೆಯಾದರೆ ಭಟ್ಟಿ, ಕಾಂತದ ಸೆಳೆತ ಬೇರೆಯಾದರೆ ಅಯಸ್ಕಾಂತ. ತಂಗದ ಕೆಸರುನೀರಿಗೆ ಹಳ್ಳಿಗಳಲ್ಲಿ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು, ನಗರದ ನೀರು ಶುದ್ಧೀಕರಣ ಘಟಕಗಳಲ್ಲಿ ಪಟಿಕ ಹಾಕುತ್ತಾರೆ. ಎರಡೂ ಸೂಕ್ಷ್ಮ ಕಣಗಳನ್ನು ಒಟ್ಟುಗೂಡಿಸಿ ಭಾರ ಮಾಡುತ್ತವೆ.

ಕರಗುವಿಕೆಯ ವ್ಯತ್ಯಾಸವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳಿಗೆ ಹೋಗಬೇಕು. ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಎಲ್ಲವೂ ಅಡುಗೆ ಉಪ್ಪಲ್ಲ. ನೀರು ಬಿಸಿಲಿಗೆ ಆರುತ್ತ ಐದನೆಯ ಒಂದು ಭಾಗಕ್ಕೆ ಇಳಿದಾಗ ಜಿಪ್ಸಂ ತಳ ಸೇರತೊಡಗುತ್ತದೆ. ಹತ್ತನೆಯ ಒಂದು ಭಾಗಕ್ಕೆ ಬಂದಾಗ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಪೂರ್ತಿ ಆರಲು ಬಿಡದೆ ಆ ಹೊತ್ತಿಗೆ ಉಪ್ಪನ್ನು ಎಳೆದು ದಂಡೆಗೆ ಹಾಕಬೇಕು, ಏಕೆಂದರೆ ಉಳಿದ ಕಹಿನೀರಿನಲ್ಲಿ ಮೆಗ್ನೀಸಿಯಂ ಲವಣಗಳಿವೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿಯ ತಳದಲ್ಲಿ ನೀರೊಡೆಯುವುದಕ್ಕೆ ಮುಖ್ಯ ಕಾರಣ ಸೋಡಿಯಂ ಕ್ಲೋರೈಡ್ ಅಲ್ಲ. ಹರಳಿನ ಮೈಗೆ ಅಂಟಿಕೊಂಡು ಬಂದ, ಗಾಳಿಯ ತೇವವನ್ನು ಹೀರುವ ಆ ಮೆಗ್ನೀಸಿಯಂ ಕ್ಲೋರೈಡ್.